ದಂಡನಾಯಕನ ಬುಟ್ಟಿ

ಕರಿಕೆ
೨೮ ಜೂನ್ ೧೯೫೩

ಅಪ್ಪಾ,

ನಿಮ್ಮ ಮಗಳು ಟೀಚರಾಗಿ ಇವತ್ತಿಗೆ ಇಪ್ಪತ್ತೇಳು ದಿನ. ಇನ್ನೂ ಯಾರೂ ಓಡಿಸಿಲ್ಲ. ಶಾಲೆಯ ಹೆಂಚು ನಾಲ್ಕು ಕಡೆ ಸೋರುತ್ತದೆ, ಮಕ್ಕಳು ಮೂವತ್ತೊಂದು. ಮನೆಯಲ್ಲಿ ಮಲಯಾಳ ಆಡುವವರು, ತುಳು ಆಡುವವರು, ನಮ್ಮ ಅರೆಭಾಷೆಯವರು ಎಲ್ಲರೂ ಸೇರಿ ನನ್ನ ಕನ್ನಡವನ್ನು ತಿದ್ದುತ್ತಿದ್ದಾರೆ. ಚಲುವಮ್ಮ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಸಿಕ್ಕಿದೆ. ದಿನಾ ಹಂಡೆ ತುಂಬ ಬಿಸಿನೀರು ಕೊಡುತ್ತಾರೆ, ಜೊತೆಗೆ ಮದುವೆ ಯಾವಾಗ ಎಂದು ಕೇಳುತ್ತಾರೆ. ಬಿಸಿನೀರಿಗಾಗಿ ಪ್ರಶ್ನೆಯನ್ನು ಸಹಿಸಿಕೊಂಡಿದ್ದೇನೆ.

ಈಗ ಕೆಲಸದ ಮಾತು. ಜನವರಿಯಲ್ಲಿ ಶಾಲೆಯ ವಾರ್ಷಿಕೋತ್ಸವ. ನಾಲ್ಕನೇ ತರಗತಿಯವರಿಂದ ನಾನು ಒಂದು ನಾಟಕ ಆಡಿಸಬೇಕು. ಪುರಾಣದ ರಾಜರನ್ನೆಲ್ಲ ಬೇರೆ ತರಗತಿಯವರು ಆಗಲೇ ಹಂಚಿಕೊಂಡುಬಿಟ್ಟಿದ್ದಾರೆ. ಆಗ ನೆನಪಾದದ್ದು ನಿಮ್ಮ ಚೀಣದ ದಂಡನಾಯಕ. ನೀವು ಬರ್ಮಾದಿಂದ ಬಂದ ವರ್ಷ ಒಲೆಯ ಮುಂದೆ ಕೂತು ಆ ಕಥೆ ಹೇಳಿದಿರಿ, ನಾನೂ ಪೂವಯ್ಯ ಚಿಕ್ಕಪ್ಪನೂ ಕೇಳಿದೆವು. ನನಗೆ ಬಿಳಿ ಕುದುರೆಗಳು ಮಾತ್ರ ನೆನಪಿವೆ. ಕೊನೆ ಬರುವಷ್ಟರಲ್ಲಿ ಚಿಕ್ಕಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಕಥೆಯನ್ನು ಮೊದಲಿಂದ ಬರೆದು ಕಳಿಸಿ.

ಹೊರಡುವ ಹಿಂದಿನ ದಿನ ಚಿಕ್ಕಪ್ಪನನ್ನು ನೋಡಿ ಬಂದೆ. ನೀವು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೂರು ಮೆಟ್ಟಿಲು ಹತ್ತಿದರೆ ಅವರಿಗೆ ಏದುಸಿರು ಬರುತ್ತದೆ, ಕಾಲು ಊದಿಕೊಂಡಿದೆ. ಹೃದಯ ದೊಡ್ಡದಾಗಿದೆ ಎಂದು ಮಡಿಕೇರಿಯ ಡಾಕ್ಟರು ಹೇಳಿದರಂತೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದು ಹೊಳೆ, ಒಂದು ಗದ್ದೆಬಯಲು. ಅಣ್ಣತಮ್ಮ ಇಬ್ಬರೂ ವರ್ಷದಿಂದ ಅದನ್ನು ದಾಟಿಲ್ಲ. ಈ ವರ್ಷ ಮುಗಿಯುವುದರೊಳಗೆ ನೀವಿಬ್ಬರೂ ಒಂದೇ ಜಗಲಿಯಲ್ಲಿ ಕೂರಬೇಕು. ನನಗೆ ಬೇಕಾದದ್ದು ಅಷ್ಟೇ. ನಾಟಕ ಆಮೇಲಿನದು.

ಮಳೆಯಲ್ಲಿ ನೆನೆಯುತ್ತಿರುವ
ಯಮುನ

*

ಹೊಸತೋಟ, ಸುಂಟಿಕೊಪ್ಪ ಅಂಚೆ
೧೪ ಜುಲೈ ೧೯೫೩

ಯಮುನಾ,

ನಿನ್ನ ಕಾಗದ ಬರಲು ಹದಿಮೂರು ದಿನ ಹಿಡಿಯಿತು. ಬರ್ಮಾದಲ್ಲಿ ಗುಂಡಿನ ನಡುವೆ ಟಪಾಲು ಇದಕ್ಕಿಂತ ಬೇಗ ಬರುತ್ತಿತ್ತು.

ನೀನು ಹೋದ ಮೇಲೆ ಇಲ್ಲಿ ಒಂದು ಸುಧಾರಣೆ ಆಗಿದೆ. ಕೆಳಗಿನ ಗೇಟಿಗೆ ಹಗಲೂ ಬೀಗ. ಜಗಲಿಯ ಕಂಬದಿಂದ ಗೇಟಿನವರೆಗೆ ದಿಣ್ಣೆಯ ಮೇಲೆ ಹಗ್ಗ ಎಳೆದು, ರಾಟೆ ಹಾಕಿ, ಒಂದು ಬುಟ್ಟಿ ಕಟ್ಟಿಸಿದ್ದೇನೆ. ಟಪಾಲಿನ ರೇವಣ್ಣ ಕಾಗದವನ್ನು ಬುಟ್ಟಿಗೆ ಹಾಕಿ ಗಂಟೆ ಬಾರಿಸಿ ಹೋಗುತ್ತಾನೆ, ನಾನು ಮೇಲಿನಿಂದ ಎಳೆದುಕೊಳ್ಳುತ್ತೇನೆ. ಸಂತೆಗೆ ಹೋಗುವವರು, ಸಾಲ ಕೇಳುವವರು, ಜೀಪು ಕೇಳುವವರು ಯಾರೂ ಈಗ ಒಳಗೆ ನುಗ್ಗುವ ಹಾಗಿಲ್ಲ. ನಿನ್ನ ಅವ್ವನಿಗೆ ಇದು ಹಿಡಿಸಿಲ್ಲ. ಅವಳಿಗೆ ನಾನು ಮಾಡಿದ್ದು ಯಾವಾಗ ಹಿಡಿಸಿತ್ತು?

ಕಥೆ ಕೇಳು. ಹೇಳಿದವನು ವಾಂಗ್ ಎಂಬ ಚೀಣೀ ಲಾರಿ ಡ್ರೈವರ್. ಬರ್ಮಾಕ್ಕೆ ಹೋಗುವ ಲೆಡೊ ರಸ್ತೆಯಲ್ಲಿ ನಮ್ಮ ಕಂಪೆನಿಯ ಪಕ್ಕದಲ್ಲೇ ಅವರ ಡೇರೆ. ಎರಡು ವರ್ಷ ಬಿಹಾರದಲ್ಲಿದ್ದು ಹಿಂದೂಸ್ತಾನಿ ಕಲಿತಿದ್ದ, ನನ್ನಷ್ಟೇ ಕೆಟ್ಟದಾಗಿ. ರಸ್ತೆ ಕುಸಿದು ಹನ್ನೊಂದು ದಿನ ಕೂತಲ್ಲೇ ಕೂತಾಗ ದಿನಕ್ಕಿಷ್ಟು ಎಂದು ಹೇಳಿದ.

ದಂಡನಾಯಕನ ಹೆಸರು ಗೊಂಗ್‌ಸುನ್ ಜಾನ್. ಸಾವಿರದ ಏಳುನೂರು ವರ್ಷಕ್ಕೂ ಹಿಂದಿನವನು. ದೊಡ್ಡ ಮನೆತನದವನೇ, ಆದರೆ ತಾಯಿ ಕೀಳು ದರ್ಜೆಯವಳೆಂದು ಅವನಿಗೆ ಸಿಕ್ಕಿದ್ದು ಗುಮಾಸ್ತೆಯ ಕೆಲಸ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಎಸ್ಟೇಟಿನ ರೈಟರ್. ಆದರೆ ಆಳು ಎತ್ತರ, ಧ್ವನಿ ದೊಡ್ಡದು, ಹೇಳಿದ್ದು ಮರೆಯದ ಬುದ್ಧಿ. ಅಲ್ಲಿನ ಅಧಿಕಾರಿ ಮೆಚ್ಚಿ ಮಗಳನ್ನೇ ಕೊಟ್ಟ. ಆಮೇಲೆ ಜಾನನ ಇನ್ನೊಬ್ಬ ಮೇಲಧಿಕಾರಿಗೆ ದೇಶದ ತೆಂಕಣ ಕೊನೆಗೆ ಗಡೀಪಾರಾಯಿತು. ಅಲ್ಲಿಗೆ ಹೋದವರು ಜ್ವರದಲ್ಲೇ ಸಾಯುತ್ತಿದ್ದರು. ಉಳಿದವರೆಲ್ಲ ಮೆಲ್ಲಗೆ ಜಾರಿಕೊಂಡರು. ಜಾನ್ ಮಾತ್ರ ಹಿರಿಯರಿಗೆ ಎಡೆ ಇಟ್ಟು, ಮತ್ತೆ ಬರುತ್ತೇನೋ ಇಲ್ಲವೋ ಎಂದು ಕೈಮುಗಿದು, ಅವನ ಜೊತೆ ಹೊರಟ. ದಾರಿಯಲ್ಲೇ ಕ್ಷಮೆಯ ಹುಕುಂ ಬಂತು. ಅಲ್ಲಿಂದ ಅವನ ಹೆಸರು ಎದ್ದಿತು.

ಬಡಗಣ ಗಡಿಯಲ್ಲಿ ಕುದುರೆ ಸವಾರರ ದಾಳಿ. ಒಂದು ಸಲ ಇವನ ಜೊತೆ ಇದ್ದವರು ಕೆಲವೇ ಹತ್ತು ಮಂದಿ, ಎದುರಿಗೆ ನೂರಾರು. ಓಡಿದರೆ ಸಾಯುತ್ತೇವೆ ಎಂದು ತಿರುಗಿ ನುಗ್ಗಿದ, ಬದುಕಿ ಬಂದ. ಆಮೇಲೆ ಬಿಳಿ ಕುದುರೆಯ ಸವಾರರನ್ನೇ ಆರಿಸಿ ಒಂದು ಪಡೆ ಕಟ್ಟಿದ. ಬಿಳಿ ಕುದುರೆ ಕಂಡರೆ ಹಗೆಗಳು ದಾರಿ ಬಿಡುತ್ತಿದ್ದರು. ಗುಮಾಸ್ತೆಯಾಗಿದ್ದವನು ಹದಿನೈದು ವರ್ಷದಲ್ಲಿ ನಾಲ್ಕು ಸೀಮೆಗೆ ಯಜಮಾನನಾದ. ನಾಟಕಕ್ಕೆ ಇಷ್ಟು ಸಾಕು.

ನಾನೂ ಸಿಪಾಯಿಯಾಗಿ ಸೇರಿ ಜಮೇದಾರನಾಗಿ ಬಂದವನು. ಕಾಡು ಕಡಿದು ಕಾಫಿ ತೋಟ ಮಾಡಿದ್ದು ಈ ಕೈಗಳೇ. ಅದಕ್ಕೇ ಆ ಕಥೆ ನನಗೆ ಹಿಡಿಸಿತು.

ಪೂವಯ್ಯನ ವಿಷಯ ಇನ್ನು ಬರೆಯಬೇಡ.

ಇಲ್ಲಿ ಎಲ್ಲ ಸರಿಯಾಗಿದೆ.
ಬೆಳ್ಯಪ್ಪ

*

ಕರಿಕೆ
೧೬ ಆಗಸ್ಟ್ ೧೯೫೩

ಅಪ್ಪಾ,

ನಿಮ್ಮ ದಂಡನಾಯಕ ಕರಿಕೆಯನ್ನು ಗೆದ್ದುಬಿಟ್ಟಿದ್ದಾನೆ. ಅಡಿಕೆ ಹಾಳೆಗೆ ಸುಣ್ಣ ಬಳಿದು ಬಿಳಿ ಕುದುರೆಗಳನ್ನು ಮಾಡಿದ್ದೇವೆ. ಯಾರೂ ಹಗೆಯ ಕಡೆಯವರಾಗಲು ಒಪ್ಪುತ್ತಿಲ್ಲ. ಗಡೀಪಾರಾದ ಅಧಿಕಾರಿಯ ಹಿಂದೆ ಅವನು ಹೊರಡುವ ಜಾಗದಲ್ಲಿ ಮಕ್ಕಳು ಪ್ರತಿಸಲ ಇನ್ನೊಮ್ಮೆ ಓದಿ ಎನ್ನುತ್ತಾರೆ.

ಚೋಮಿ ಎಂಬ ಹುಡುಗಿ ಇದ್ದಾಳೆ. ಅವಳು ಪಿಸುಗುಟ್ಟಿದರೂ ಮೂರನೇ ತರಗತಿಗೆ ಕೇಳುತ್ತದೆ. ಅವಳು ಎದ್ದು ನಿಂತು, "ಟೀಚರೇ, ಅವನಿಗೆ ತಮ್ಮ ಇರ್ಲಿಲ್ವಾ?" ಎಂದಳು. ನನಗೆ ಗೊತ್ತಿಲ್ಲ, ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದೆ. ಇದ್ದನೇ?

ಬರೆಯಬೇಡ ಎಂದದ್ದನ್ನು ಬರೆಯುತ್ತಿದ್ದೇನೆ. ಕಾಗದ ಹರಿದರೆ ಹರಿಯಿರಿ, ಓದಿದ ಮೇಲೆ ಹರಿಯಿರಿ. ಕಳೆದ ವರ್ಷ ಜುಲೈಯಲ್ಲಿ ನಾನು ಮನೆಯಲ್ಲೇ ಇದ್ದೆ. ನಾಟಿ ಮುಗಿದ ಮೂರನೇ ದಿನ ಹೊಳೆ ಉಕ್ಕಿ ಚಿಕ್ಕಪ್ಪನ ಗದ್ದೆಯ ಕಟ್ಟೆ ಒಡೆಯಿತು. ನಮ್ಮ ಊರಿನಲ್ಲಿ ಕಟ್ಟೆ ಒಡೆದರೆ ಮನೆಗೊಬ್ಬ ಗುದ್ದಲಿ ಹಿಡಿದು ಹೋಗಬೇಕು, ಮಾತು ಬಿಟ್ಟವರೂ ಹೋಗಬೇಕು. ನಮ್ಮ ತೋಟದ ಲೈನ್‌ಮನೆಗಳಲ್ಲಿ ಇಪ್ಪತ್ತಮೂರು ಆಳಿದ್ದರು. ಲಿಂಗ ಮೇಸ್ತ್ರಿ ಗುದ್ದಲಿ ಹೊತ್ತು ಜಗಲಿಯ ಮುಂದೆ ನಿಂತು ನಿಮ್ಮ ಬಾಯಿ ನೋಡುತ್ತಿದ್ದ. ಇವತ್ತು ಒಬ್ಬರ ಗದ್ದೆಗೆ ಕಳಿಸಿದರೆ ನಾಳೆ ಊರೆಲ್ಲ ಬಂದು ನಿಲ್ಲುತ್ತದೆ ಎಂದಿರಿ. ಒಬ್ಬನನ್ನೂ ಕಳಿಸಲಿಲ್ಲ. ಸಂಜೆಯಷ್ಟರಲ್ಲಿ ನಾಟಿಯ ಮೇಲೆ ಮೊಣಕಾಲು ಎತ್ತರ ಮರಳು ಕೂತಿತು. ಚಿಕ್ಕಪ್ಪ ಜಗಳ ಮಾಡಲಿಲ್ಲ, ಬರುವುದನ್ನು ಬಿಟ್ಟರು ಅಷ್ಟೇ. ಪಂಚಾಯತಿ ಚುನಾವಣೆಯಲ್ಲಿ ನಿಮಗೆ ಒಂಬತ್ತು ಓಟು ಬಿದ್ದದ್ದೂ, ನೀವು ದಾರಿಗೆ ಗೇಟು ಹಾಕಿದ್ದೂ ಆಮೇಲೆ.

ನಿಮ್ಮ ತಪ್ಪು ಎಂದು ತೋರಿಸಲು ಇದನ್ನು ಬರೆದಿಲ್ಲ. ಚಿಕ್ಕಪ್ಪನಿಗೆ ಹೆಚ್ಚು ದಿನ ಇಲ್ಲ ಎಂದು ಬರೆಯುತ್ತಿದ್ದೇನೆ.

ನಿಮ್ಮ ಮಾತು ಕೇಳದ
ಯಮುನ

*

ಹೊಸತೋಟ
೧೩ ಸೆಪ್ಟೆಂಬರ್ ೧೯೫೩

ಯಮುನಾ,

ಕಾಗದ ಹರಿದಿಲ್ಲ. ಹಿಂದಿನ ಖಾಲಿ ಜಾಗದಲ್ಲಿ ಗೊಬ್ಬರದ ಪಟ್ಟಿ ಬರೆದೆ.

ಚೋಮಿಗೆ ಹೇಳು, ತಮ್ಮ ಇದ್ದ. ಒಡಹುಟ್ಟಿದವನಲ್ಲ, ದಾಯಾದಿ. ಬೇರೆಯವರ ಜಗಳದಲ್ಲಿ ಬಾಣ ತಾಗಿ ಸತ್ತ. ಆ ಬಾಣ ಯುವಾನ್ ಶಾವೊ ಎಂಬ ದೊರೆಯ ಕಡೆಯಿಂದ ಬಂದದ್ದು. ಆ ಸಿಟ್ಟಿಗೆ ಜಾನ್ ದಂಡೆತ್ತಿ ಹೋದ. ಒಂದು ಸೇತುವೆಯ ಹತ್ತಿರ ಯುವಾನ್ ಶಾವೊ ತನ್ನ ಬಿಲ್ಲಾಳುಗಳನ್ನು ಗುರಾಣಿಗಳ ಕೆಳಗೆ ಮಲಗಿಸಿದ್ದ. ಬಿಳಿ ಕುದುರೆಗಳು ಇಪ್ಪತ್ತು ಮಾರು ದೂರಕ್ಕೆ ಬರುವವರೆಗೆ ಅವರು ಅಲ್ಲಾಡಲಿಲ್ಲ. ಆಮೇಲೆ ಎದ್ದರು. ಹೆಸರುವಾಸಿ ಪಡೆ ಒಂದೇ ದಿನದಲ್ಲಿ ಮುರಿಯಿತು.

ಅದರ ಮೇಲೆ ಇನ್ನೊಂದು ತಪ್ಪು ಮಾಡಿದ. ಅವನ ಸೀಮೆಯಲ್ಲಿ ಲಿಯು ಎಂಬ ಮೇಲಧಿಕಾರಿ ಇದ್ದ. ಹರಕು ಬಟ್ಟೆಯ ಸಾದಾ ಮನುಷ್ಯ, ಜನ ಅವನಿಗೆ ಪ್ರಾಣ ಬಿಡುತ್ತಿದ್ದರು. ಇಬ್ಬರಿಗೂ ಹೊಂದಲಿಲ್ಲ. ಜಾನ್ ಅವನನ್ನು ಹಿಡಿದು ಸಂತೆಯ ನಡುವೆ ಕೊಲ್ಲಿಸಿದ. ಅಲ್ಲಿಂದ ಊರಿಗೂರೇ ಇವನಿಗೆ ಬೆನ್ನು ಹಾಕಿತು.

ಆಗ ಅವನು ಕೋಟೆ ಕಟ್ಟಿದ. ಹತ್ತು ಸುತ್ತು ಕಂದಕ, ಒಳಗೆ ಮಣ್ಣಿನ ದಿಬ್ಬಗಳು, ಅವುಗಳ ಮೇಲೆ ಗೋಪುರಗಳು. ನಟ್ಟನಡುವೆ ಎಲ್ಲಕ್ಕಿಂತ ಎತ್ತರದ್ದು ಅವನದು, ಅದಕ್ಕೆ ಕಬ್ಬಿಣದ ಬಾಗಿಲು. ವರ್ಷಗಟ್ಟಲೆ ಉಣ್ಣುವಷ್ಟು ಧಾನ್ಯ ತುಂಬಿಸಿದ. ಏಳು ವರ್ಷ ದಾಟಿದ ಗಂಡಸು ಯಾರೂ ಒಳಗೆ ಬರಬಾರದು. ಕಾಗದಪತ್ರವನ್ನೆಲ್ಲ ಕೆಳಗಿನಿಂದ ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದ. ಇದ್ದದ್ದು ಹೆಂಗಸರು ಮಾತ್ರ. ಅವರಿಗೆ ಗಟ್ಟಿಯಾಗಿ ಕೂಗುವುದನ್ನು ಕಲಿಸಿ, ನೂರಾರು ಹೆಜ್ಜೆ ದೂರದ ಸರದಾರರಿಗೆ ತನ್ನ ಹುಕುಂ ಮುಟ್ಟಿಸುತ್ತಿದ್ದ. ಈ ಧಾನ್ಯ ಉಂಡು ಮುಗಿಯುವಷ್ಟರಲ್ಲಿ ಲೋಕ ಏನಾಯಿತು ಎಂದು ಗೊತ್ತಾಗುತ್ತದೆ ಎನ್ನುತ್ತಿದ್ದ.

ಹೊರಗಿನ ಒಂದು ಠಾಣೆಯಲ್ಲಿ ಅವನ ಸರದಾರನನ್ನು ಹಗೆಗಳು ಸುತ್ತಿದರು. ನೆರವಿಗೆ ಮೊರೆಯಿಟ್ಟ. ಜಾನ್ ಹೋಗಲಿಲ್ಲ. ಒಬ್ಬನನ್ನು ಬಿಡಿಸಿದರೆ ಉಳಿದವರು ಯಜಮಾನ ಬರುತ್ತಾನೆಂದು ಕೈಕಟ್ಟಿ ಕೂರುತ್ತಾರೆ, ಯಾರೂ ಮೈಮುರಿದು ಕಾದಾಡುವುದಿಲ್ಲ ಎಂದ. ವಾಂಗ್ ಇದನ್ನು ತಪ್ಪು ಎಂದು ಹೇಳಿದ. ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅದರಲ್ಲಿ ಒಂದು ಲೆಕ್ಕ ಇದೆ. ಆಳನ್ನು ನಡೆಸಿದವನಿಗೆ ಅದು ತಿಳಿಯುತ್ತದೆ.

ನನಗೆ ಮಂಡಿ ನೋವು, ಜಗಲಿ ಬಿಟ್ಟು ಇಳಿಯುವುದು ಕಡಿಮೆ. ತೋಟದ ಕೆಲಸವನ್ನು ನಿನ್ನ ಅವ್ವನೇ ಮೇಲಿನಿಂದ ಕೂಗಿ ಹೇಳುತ್ತಾಳೆ. "ಲಿಂಗಾ, ಮೇಲಿನ ಪಟ್ಟೆಗೆ ಹೋಗು" ಎಂದರೆ ಹೊಳೆಯಾಚೆಗೂ ಕೇಳುತ್ತದೆ.

ಮೊನ್ನೆ ಬುಟ್ಟಿಯಲ್ಲಿ ಪೂವಯ್ಯನ ಕಾಗದ ಬಂತು. ಅವನ ಅಕ್ಷರ ನನಗೆ ಗೊತ್ತು, ಬಿತ್ತಿದ ಕಾಳಿನ ಹಾಗೆ ಚೆಲ್ಲಾಪಿಲ್ಲಿ. ಜೀಪಿಗಾಗಿ ಬರೆದಿರುತ್ತಾನೆ. ಒಡೆದಿಲ್ಲ. ಕೋವಿಯ ಗುಂಡಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ.

ಛತ್ರಿ ಹಿಡಿದು ಓಡಾಡು.
ಬೆಳ್ಯಪ್ಪ

*

ಕರಿಕೆ
೨೫ ಅಕ್ಟೋಬರ್ ೧೯೫೩

ಅಪ್ಪಾ,

ದಸರಾ ರಜೆಯಲ್ಲಿ ಬಂದಾಗ ನಾವು ಒಂದು ವಾರ ಒಂದೇ ಮನೆಯಲ್ಲಿದ್ದು ಹವಾಮಾನದ ಬಗ್ಗೆ ಮಾತಾಡಿದೆವು. ಆದ್ದರಿಂದ ಕಾಗದದಲ್ಲೇ ಹೇಳುವುದು ಒಳ್ಳೆಯದು.

ನನ್ನ ಮನೆಗೆ ಬರಲು ನಾನೇ ಗೇಟಿನ ಹೊರಗೆ ನಿಂತು ಗಂಟೆ ಬಾರಿಸಿದೆ. ಮೇಲಿನಿಂದ ಬುಟ್ಟಿ ಇಳಿದು ಬಂತು. ನನ್ನನ್ನು ಬುಟ್ಟಿಯಲ್ಲೇ ಎಳೆದುಕೊಳ್ಳುತ್ತೀರೇನೋ ಎಂದುಕೊಂಡೆ. ನಗು ಬಂತು, ಆಮೇಲೆ ಅಳುವೂ ಬಂತು. ನೀವೇ ಬರೆದು ಕಳಿಸಿದ ಕಥೆ ಇದು ಅಪ್ಪಾ! ಹಗ್ಗ, ಕಬ್ಬಿಣದ ಗೇಟು, ಕೂಗುವ ಹೆಂಗಸು, ಕಳಿಸದ ಆಳು. ಕರಿಕೆಯ ಮಕ್ಕಳಿಗೆ ನಿಮ್ಮನ್ನು ತೋರಿಸಿದರೆ ಬೇರೆ ವೇಷವೇ ಬೇಡ.

ಮೂರನೇ ದಿನ ಚಿಕ್ಕಪ್ಪನ ಮನೆಗೆ ಹೋದೆ, ಅದು ನಿಮಗೂ ಗೊತ್ತು. ಜಗಲಿಯಲ್ಲಿ ಮೂರು ದಿಂಬಿಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದಂತೆ. ಅಲ್ಲಿಂದ ನಮ್ಮ ಮನೆಯ ಹೆಂಚು ಕಾಣುತ್ತದೆ. ಹೋದ ಕೂಡಲೇ ಕೇಳಿದ್ದು, "ಅಣ್ಣ ಕಾಗದ ಓದಿದನಾ?" ನಾನು ಸುಳ್ಳು ಹೇಳಲಿಲ್ಲ. ಇಲ್ಲ ಎಂದೆ. ದಿಂಬು ಸರಿಪಡಿಸಿಕೊಂಡು, "ಅಂವಂಗೆ ಹೇಳ್, ಜೀಪ್ ಗೀಪ್ ಎಂಥದೂ ಬೊಡ. ಬಂದ್ ಒಂದ್ ಗಳಿಗೆ ಇದ್ದರೆ ಸಾಕ್" ಎಂದರು. ಆಮೇಲೆ ನಾನು ಹುಟ್ಟಿದ ದಿನದ ಕಥೆ ಹೇಳಿ ನಗಲು ಹೋಗಿ ಕೆಮ್ಮಿದರು. ಗಂಡು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು ಎಂಬ ಊರ ಕಟ್ಟಳೆ ಮೀರಿ, ಹೆಣ್ಣಾದ ನನಗೆ ಅವರು ನಿಮ್ಮ ಕೋವಿಯಲ್ಲೇ ಒಂದು ಗುಂಡು ಹಾರಿಸಿದರಂತೆ. ಗಂಡು ಎಂದು ಊರವರೆಲ್ಲ ಓಡಿ ಬಂದರಂತೆ. ಕಾರ್ತೂಸು ದಂಡ ಮಾಡಿದೆ ಎಂದು ನೀವು ಬೈದಿರಂತೆ. ನನಗೆ ಇದನ್ನು ನೀವು ಯಾವತ್ತೂ ಹೇಳಿರಲಿಲ್ಲ.

ಚೋಮಿ ನಿಮ್ಮ ಲೆಕ್ಕಕ್ಕೆ ಉತ್ತರ ಕೊಟ್ಟಿದ್ದಾಳೆ. ಬಿಡಿಸದೆ ಬಿಟ್ಟ ಸರದಾರನ ಭಾಗ ಓದಿದೆ. "ಹಂಗಾದ್ರೆ ಇವನನ್ನ ಸುತ್ತುಗಟ್ಟಿದಾಗ ಯಾರು ಬರ್ತಾರೆ ಟೀಚರೇ?" ಎಂದಳು. ತಮ್ಮ ಸತ್ತ ಮೇಲೆ ದಂಡು ಕಟ್ಟಿಕೊಂಡು ಹೊರಟವನು ನಿಮ್ಮ ಜಾನ್. ನೀವು ತಮ್ಮ ಬದುಕಿರುವಾಗಲೇ ಹೋಗಿ. ಮಂಡಿ ನೋವಾದರೆ ಜೀಪಿನಲ್ಲಿ ಹೋಗಿ. ಮೊದಲು ಆ ಕಾಗದ ಒಡೆಯಿರಿ.

ಕೈಮುಗಿದು ಕೇಳುವ
ಯಮುನ

*

ಹೊಸತೋಟ
೧೫ ನವೆಂಬರ್ ೧೯೫೩

ಯಮುನಾ,

ನೀನು ಟೀಚರಾದದ್ದು ಕರಿಕೆಯಲ್ಲಿ, ನನ್ನ ಮನೆಯಲ್ಲಲ್ಲ.

ಕಥೆಯನ್ನು ಕೊನೆಯವರೆಗೆ ಬರೆ ಎಂದು ನೀನು ಕೇಳಿದ್ದೆ, ಬರೆದು ಮುಗಿಸುತ್ತೇನೆ. ಯುವಾನ್ ಶಾವೊ ದೊಡ್ಡ ದಂಡು ತಂದು ಕೋಟೆಯನ್ನು ಸುತ್ತಿದ. ಹೊರಗಿನ ಸರದಾರರು, ಯಜಮಾನ ಬರುವುದಿಲ್ಲ ಎಂದು ಗೊತ್ತಿದ್ದರಿಂದ, ಕೆಲವರು ಓಡಿದರು, ಕೆಲವರು ಶರಣಾದರು. ಜಾನನ ಮಗ ಬೆಟ್ಟದ ಕಡೆಯ ಪಡೆಯನ್ನು ಕರೆತರಲು ಹೋಗಿದ್ದ. ಜಾನ್ ಅವನಿಗೆ ಗುಟ್ಟಾಗಿ ಕಾಗದ ಕಳಿಸಿದ. ಸವಾರರೊಡನೆ ಬಡಗಣ ತಗ್ಗಿನಲ್ಲಿ ಬಂದು ನಿಲ್ಲು, ಬೆಂಕಿ ಹಚ್ಚು, ಬೆಂಕಿ ಕಂಡ ಕೂಡಲೇ ನಾನು ಒಳಗಿನಿಂದ ಹೊರಬಿದ್ದು ಹೊಡೆಯುತ್ತೇನೆ. ಆ ಕಾಗದ ಯುವಾನ್ ಶಾವೊನ ಕೈಗೆ ಸಿಕ್ಕಿತು. ಹೇಳಿದ ದಿನ, ಹೇಳಿದ ಜಾಗದಲ್ಲಿ ಅವನೇ ಬೆಂಕಿ ಹಚ್ಚಿಸಿದ. ಮಗ ಬಂದನೆಂದು ಜಾನ್ ಬಾಗಿಲು ತೆಗೆದು ಹೊರಟ. ಹೊಂಚಿ ಕೂತವರು ಬಿದ್ದರು. ಉಳಿದವರೊಡನೆ ಒಳಗೆ ಓಡಿದ. ಆಮೇಲೆ ಅವರು ಸುರಂಗ ತೋಡಿ ಗೋಪುರಗಳ ಬುಡಕ್ಕೆ ಮರದ ಆನಿಕೆ ಕೊಟ್ಟು, ಆನಿಕೆಗೆ ಬೆಂಕಿ ಇಟ್ಟು, ಒಂದೊಂದಾಗಿ ಕೆಡವಿದರು. ತನ್ನದಕ್ಕೆ ಬಂದಾಗ ಜಾನ್ ಮನೆಯವರನ್ನೆಲ್ಲ ಕೊಂದು ತಾನೂ ಬೆಂಕಿಗೆ ಬಿದ್ದ. ಈ ಕೊನೆಯ ಮಾತು ಮಕ್ಕಳಿಗೆ ಬೇಡ.

ಅವನು ಕೆಟ್ಟದ್ದು ಒಳಗೆ ಕೂತದ್ದರಿಂದ ಅಲ್ಲ, ಗುರುತು ಕಂಡು ಹೊರಗೆ ಬಂದದ್ದರಿಂದ. ನಿನ್ನ ಚೋಮಿಗೆ ಅದನ್ನು ಕಲಿಸು.

ನಿನ್ನ ಅವ್ವ ಮೊನ್ನೆ ಊಟ ಬಡಿಸುತ್ತಾ ನನ್ನನ್ನು ಕೆಣಕಿದಳು. "ಆಚೆಯಿಂದ ಎರಡ್ ಗುಂಡು ಕೇಳಿರೆ ಮಾತ್ರ ಇವ್ರು ಗೇಟ್ ತೆಗೆಯುದು" ಅಂತ. ಅವಳು ಬೇಲಿಯ ಸಂದಿನಲ್ಲಿ ಅಲ್ಲಿಗೆ ಹೋಗಿ ಬರುತ್ತಿದ್ದಾಳೆಂದು ನನಗೆ ಗೊತ್ತು. ಎಲ್ಲರೂ ಸೇರಿ ಏನು ಹೂಡುತ್ತಿದ್ದೀರೆಂದೂ ಗೊತ್ತಾಗುತ್ತದೆ.

ಕೊಯ್ಲು ಶುರುವಾಗಿದೆ. ಬಿಡುವಿಲ್ಲ.
ಬೆಳ್ಯಪ್ಪ

*

ಹೊಸತೋಟ
೧೨ ಡಿಸೆಂಬರ್ ೧೯೫೩

ಯಮುನಾ,

ನಿನ್ನ ಚಿಕ್ಕಪ್ಪ ಪೂವಯ್ಯ ಮೊನ್ನೆ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ತೀರಿಕೊಂಡ. ನಿನಗೆ ಈ ಕಾಗದ ಮುಟ್ಟುವ ಹೊತ್ತಿಗೆ ನಾಲ್ಕೈದು ದಿನ ಆಗಿರುತ್ತದೆ. ಬೇಗ ತಿಳಿಸುವ ದಾರಿ ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ಕೇಳು.

ನಾನು ಜಗಲಿಯಲ್ಲಿದ್ದೆ. ಮೇಲಿನ ಪಟ್ಟೆಯಲ್ಲಿ ಹಣ್ಣು ಕೊಯ್ಯುತ್ತಿದ್ದರು. ಹೊಳೆಯಾಚೆಯಿಂದ ಎರಡು ಗುಂಡು ಕೇಳಿತು, ಒಂದರ ಹಿಂದೆ ಒಂದು. ತೋಟದಲ್ಲಿ ಕೊಯ್ಯುವ ಕೈಗಳು ನಿಂತವು. ಎರಡು ಗುಂಡು ಕೇಳಿದ ಮೇಲೆ ಕೆಲಸ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ನಿನ್ನ ಅವ್ವ ಒಳಗಿನಿಂದ ಓಡಿ ಬಂದು ನನ್ನ ಮುಖ ನೋಡಿದಳು.

ನಾನು ಎದ್ದು ನಿಂತೆ, ನಿಜ. ಆಮೇಲೆ ಕೂತೆ. ಅವಳು ಅಂದಿದ್ದ ಮಾತು ತಲೆಯಲ್ಲಿತ್ತು. ನನ್ನನ್ನು ಹೊರಗೆಳೆಯಲು ಹಾರಿಸಿದ ಗುಂಡು ಎಂದು ತೀರ್ಮಾನಿಸಿದೆ. ಬೆಂಕಿ ಕಂಡು ಬಾಗಿಲು ತೆಗೆದ ಆ ಮನುಷ್ಯ ನೆನಪಾದ. ಜಮೇದಾರ ಬೆಳ್ಯಪ್ಪ ಅಷ್ಟು ಸುಲಭಕ್ಕೆ ಸಿಗುವವನಲ್ಲ ಎಂದು ನಿನ್ನ ಅವ್ವನಿಗೆ ಹೇಳಿದೆ, ನಗುತ್ತಲೇ ಹೇಳಿದೆ. ಅವಳು ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಇಳಿದು ಹೋದಳು. ಹಿಂದೆಯೇ ಲಿಂಗ ಹೋದ. ಅವನ ಹಿಂದೆ ಕೊಯ್ಯುವವರು ಬುಟ್ಟಿಗಳನ್ನು ಗಿಡದ ಬುಡದಲ್ಲಿ ಇಟ್ಟು ಒಬ್ಬೊಬ್ಬರಾಗಿ ಹೋದರು. ಕೂಗಿ ತಡೆಯೋಣವೆಂದರೆ ಕೂಗುವವಳೇ ಮುಂದೆ ಹೋಗಿದ್ದಳು.

ಮಧ್ಯಾಹ್ನದವರೆಗೆ ಬಯಲಿನ ದಾರಿಯಲ್ಲಿ ಜನ ಹೋಗುತ್ತಿದ್ದದ್ದು ಕಂಡಿತು. ಆಟಕ್ಕೆ ಇಷ್ಟು ಜನ ಸೇರಿಸಿದ್ದಾರಲ್ಲ ಎಂದುಕೊಂಡೆ. ಇಷ್ಟು ಮೂರ್ಖನಾಗಲು ಸಾಧ್ಯವೇ ಎಂದು ನೀನು ಕೇಳಬಹುದು. ಸಾಧ್ಯ. ನಾಲ್ಕು ಗಂಟೆಗೆ ಅವರ ಗದ್ದೆಯ ಅಂಚಿನಲ್ಲಿ ಹೊಗೆ ಎದ್ದಿತು. ಆ ಹೊಗೆ ಯಾವುದರದ್ದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜೀಪು ತೆಗೆಯಲಿಲ್ಲ. ನಡೆದೇ ಹೋದೆ. ಹೊಳೆ ದಾಟಿ ಹೋಗುವಷ್ಟರಲ್ಲಿ ಚಿತೆಯಲ್ಲಿ ಅವನ ಮುಖ ಸುಟ್ಟುಹೋಗಿತ್ತು. ಊರವರು ನನಗೆ ಜಾಗ ಬಿಟ್ಟರು. ನಿನ್ನ ಚಿಕ್ಕಮ್ಮ, "ಬೆಳಿಗ್ಗೆವರೆಗೆ ಕೇಳ್ತಿದ್ರು ಭಾವಾ, ಆಚೆ ಏನಾದ್ರು ಕೇಳಿಸ್ತಾ, ಆಚೆ ಏನಾದ್ರು ಕೇಳಿಸ್ತಾ ಅಂತ" ಎಂದಳು. ಏನು ಕೇಳಿಸಬೇಕಿತ್ತೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಹನ್ನೊಂದನೇ ದಿನದ ಕಾರ್ಯ ಇಪ್ಪತ್ತಕ್ಕೆ. ಬಾ.

ಅಪ್ಪ

*

ಕರಿಕೆ
೧೭ ಡಿಸೆಂಬರ್ ೧೯೫೩

ಅಪ್ಪಾ,

ಕಾಗದ ನಿನ್ನೆ ಸಂಜೆ ಸಿಕ್ಕಿತು. ನಾಳೆ ಬೆಳಿಗ್ಗೆ ಹೊರಡುತ್ತೇನೆ. ಭಾಗಮಂಡಲದವರೆಗೆ ನಡೆದು, ಅಲ್ಲಿಂದ ಬಸ್ಸು. ಈ ಕಾಗದಕ್ಕಿಂತ ಮೊದಲೇ ನಾನು ಬಂದರೂ ಬಂದೇನು. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಎದುರಿಗೆ ಬಂದರೆ ಇಬ್ಬರೂ ಹವಾಮಾನ ಮಾತಾಡುತ್ತೇವೆ.

ನಿಮ್ಮ ಮೇಲೆ ನನಗೆ ತುಂಬ ಸಿಟ್ಟಿದೆ. ಅದು ಬೇಗ ಹೋಗುವುದಿಲ್ಲ. ಆದರೆ ಮುಚ್ಚಿಡದೆ ಬರೆದಿರಿ, ಅದಕ್ಕೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.

ಗುಂಡಿನ ಡಬ್ಬಿಯಲ್ಲಿರುವ ಕಾಗದ ಒಡೆಯಿರಿ. ನಾನು ಬರುವವರೆಗೆ ಕಾಯಬೇಡಿ. ಅದು ನಿಮಗೆ ಬರೆದದ್ದು.

ಯಮುನ

*

ಹೊಸತೋಟ
೧೦ ಜನವರಿ ೧೯೫೪

ಯಮುನಾ,

ನೀನು ಇಲ್ಲಿದ್ದಾಗ ಕಾಗದ ಒಡೆದಿರಾ ಎಂದು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಒಳ್ಳೆಯದಾಯಿತು. ಕೇಳಿದ್ದರೆ ಹೌದು ಎಂದು ಸುಳ್ಳು ಹೇಳುತ್ತಿದ್ದೆ. ನಿನ್ನೆ ಮಧ್ಯಾಹ್ನ ಒಡೆದೆ. ಹಾಗೆಯೇ ನಕಲು ಮಾಡುತ್ತೇನೆ.

"ಅಣ್ಣಾ, ಇದು ಜೀಪಿಗಾಗಿ ಬರೆದ ಕಾಗದ ಅಲ್ಲ. ಮಡಿಕೇರಿಗೆ ಎತ್ತಿನ ಗಾಡಿಯಲ್ಲಿ ಹೋಗಿ ಬಂದೆ. ಡಾಕ್ಟರು ಮಾಡುವುದು ಇನ್ನೇನೂ ಇಲ್ಲ. ಕಟ್ಟೆಯ ವಿಷಯ ನನ್ನ ಮನಸ್ಸಿನಲ್ಲಿ ಇಲ್ಲ. ಇದೆ, ಆದರೆ ದೊಡ್ಡದಾಗಿ ಇಲ್ಲ. ಮರಳು ತೆಗೆದು ಈ ವರ್ಷ ನಾಟಿ ಮಾಡಿಸಿದ್ದೇನೆ, ಪೈರು ಚೆನ್ನಾಗಿದೆ. ನಿನ್ನ ಜಗಲಿಯಿಂದ ಕಾಣುತ್ತಿರಬೇಕು. ನಿನಗೆ ಇಳಿದು ಬರಲು ನಾಚಿಕೆ, ನನಗೆ ಹತ್ತಿ ಬರಲು ಉಸಿರಿಲ್ಲ. ಆದ್ದರಿಂದ ಒಂದು ಕೆಲಸ ಮಾಡು. ಈ ಕಾಗದ ಓದಿದ ದಿನ ಸಂಜೆ ಐದಕ್ಕೆ ಒಂದು ಗುಂಡು ಹಾರಿಸು. ಒಂದೇ. ನಾನು ಜಗಲಿಯಲ್ಲೇ ಇರುತ್ತೇನೆ. ಅಣ್ಣ ಓದಿದ ಎಂದು ನನಗೆ ಗೊತ್ತಾಗುತ್ತದೆ, ಬೇರೆ ಮಾತು ಬೇಡ. ಯಾರ ಮನೆಯಲ್ಲಿ ಗಂಡು ಹುಟ್ಟಿತು ಎಂದು ಊರವರು ತಲೆ ಕೆಡಿಸಿಕೊಳ್ಳಲಿ. ಯಮುನ ಹುಟ್ಟಿದಾಗ ಕಾರ್ತೂಸು ದಂಡ ಮಾಡಿದೆ ಎಂದು ನನಗೆ ಬೈದಿದ್ದೆ. ನನಗಾಗಿ ನೀನೂ ಒಂದು ದಂಡ ಮಾಡು. ನಿನ್ನ ತಮ್ಮ, ಪೂವಯ್ಯ."

ತಾರೀಖು ಸೆಪ್ಟೆಂಬರ್ ಎಂಟು. ಅಂದಿನಿಂದ ಅವನು ಹೋಗುವವರೆಗೆ ತೊಂಬತ್ತಕ್ಕೂ ಹೆಚ್ಚು ಸಂಜೆಗಳು. ಆ ಕಾಗದ ಕಾರ್ತೂಸುಗಳ ಮೇಲೆಯೇ ಇತ್ತು.

ಯಮುನಾ, ಕಥೆಯಲ್ಲಿ ಒಂದು ಭಾಗವನ್ನು ನಾನು ನಿನಗೆ ಹೇಳದೆ ಬಿಟ್ಟಿದ್ದೆ. ಮರೆತು ಅಲ್ಲ. ಕೊನೆಯ ಮುತ್ತಿಗೆಗೆ ಮೊದಲು ಯುವಾನ್ ಶಾವೊ ಜಾನನಿಗೆ ಒಂದು ಕಾಗದ ಬರೆದಿದ್ದ. ಹಳೆಯದನ್ನು ಬಿಡೋಣ, ಮತ್ತೆ ಮೊದಲಿನ ಹಾಗೆ ಇರೋಣ ಎಂದು. ಅದೂ ಹಗ್ಗದಲ್ಲಿ ಮೇಲೆ ಹೋಯಿತು. ಜಾನ್ ಉತ್ತರ ಕೊಡಲಿಲ್ಲ, ಗೋಡೆಗಳನ್ನು ಇನ್ನಷ್ಟು ಗಟ್ಟಿ ಮಾಡಿದ.  ಅಂದು ಒಲೆಯ ಮುಂದೆ ನಾನು ಇದನ್ನೂ ಹೇಳಿದ್ದೆ. ನೀನು ನಿದ್ದೆ ಹೋಗಿದ್ದೆ. ಪೂವಯ್ಯ ಮಾತ್ರ, "ಒಂದ್ ಸಾಲ್ ಬರೆದಿದ್ದರೆ ಆಗ್ತಿತ್ತಲ್ಲ ಅಣ್ಣಾ" ಎಂದಿದ್ದ. ನಾಟಕದಲ್ಲಿ ಇದನ್ನು ಸೇರಿಸು. ಅವನು ಕೆಟ್ಟದ್ದು ಹೊರಗೆ ಬಂದದ್ದರಿಂದ ಎಂದು ನಾನು ಬರೆದ ಮಾತನ್ನು ತೆಗೆದುಹಾಕು.

ನಿನ್ನೆ ಸಂಜೆ ಐದಕ್ಕೆ ಕೋವಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಹೊಳೆಯಾಚೆ ಅವನ ಜಗಲಿ ಕಾಣುತ್ತಿತ್ತು, ದಿಂಬುಗಳನ್ನು ಬಿಸಿಲಿಗೆ ಹಾಕಿದ್ದರು. ಒಂದು ಗುಂಡು ಹಾರಿಸಿದೆ.

ಗೇಟು ಈಗ ತೆರೆದೇ ಇರುತ್ತದೆ. ಕಾಲು ಗಂಟೆಯಲ್ಲಿ ಕೆಳಗೆ ಹದಿನೈದು ಜನ ಸೇರಿದರು. ರೇವಣ್ಣನೂ ಸೈಕಲ್ಲು ಒರಗಿಸಿ ಬಂದ. ಯಾರಿಗೆ ಹುಟ್ಟಿತು, ಯಾವ ಮನೆಯಲ್ಲಿ ಗಂಡು ಎಂದು ಎಲ್ಲರೂ ಒಟ್ಟಿಗೆ ಕೇಳಿದರು.  ಕೋವಿ ಹಿಡಿದು ಮಕ್ಕಳ ಹಾಗೆ ಅಳುತ್ತಾ ನಿಂತಿದ್ದೆ. ಆಗ ನಿನ್ನ ಅವ್ವ ಜಗಲಿಯ ಅಂಚಿಗೆ ಬಂದು, ತೋಟದ ಆಳುಗಳನ್ನು ಕೂಗುವ ಅದೇ ಧ್ವನಿಯಲ್ಲಿ, ಜನರನ್ನು ಅಲ್ಲ, ಹೊಳೆಯಾಚೆ ನೋಡುತ್ತಾ ಕೂಗಿದಳು.

"ಹುಟ್ಟಿದ್ದು ಯಾರೂ ಇಲ್ಲೆ! ಇವ್ರು ತಮ್ಮಂಗೆ ಉತ್ತರ ಕೊಟ್ಟದ್!"

ನಿನ್ನ
ಅಪ್ಪ